ಎಲೆಯ ಮೇಲೆ ನಡೆ

ಹಿಲ್ಯಾ ಕೊಸ್ಕೆಲಾಳ ಅಂಗಡಿಯಲ್ಲಿ ಕನ್ನಡಿ ಇಲ್ಲ.
ಹಲಗೆ ನೆಲದ ಮೇಲೆ ಮೂಟೆಯಿಂದ ಸುರಿದು ಹರವಿದ
ಹೋದ ವರ್ಷದ ಮೇಪಲ್ ಎಲೆ, ಹಪ್ಪಳದಷ್ಟು ಒಣಗಿದ್ದು.
"ಕಟ್ಟಿಕೋ. ಎಲೆಯ ಮೇಲೆ ನಡೆ,"
ಎಂದು ಕಣ್ಣು ಮುಚ್ಚಿ ಕೂರುತ್ತಾಳೆ.

ನಲವತ್ತು ವರ್ಷ ಬೆನ್ನಿಗೆ ಬತ್ತಳಿಕೆ ಹೊತ್ತವನು ನಾನು.
ಕೈ ಹಿಂದಕ್ಕೆ ಹೋದರೆ ಸಾಕು, ಬೆರಳಿಗೆ ಗರಿ ಸಿಗುತ್ತಿತ್ತು,
ಕತ್ತಲಲ್ಲೂ ತುತ್ತಿಗೆ ಬಾಯಿ ಸಿಗುವ ಹಾಗೆ.
ಈಗ ಬಲಭುಜದೊಳಗೆ ಮೂರು ತಿರುಪುಮೊಳೆ.
ಹೆದೆ ಕೆನ್ನೆಯವರೆಗೆ ಬರುತ್ತದೆ, ಪುಣ್ಯ;
ಕೈ ಮಾತ್ರ ಕಿವಿ ದಾಟಿ ಮೇಲೇರುವುದಿಲ್ಲ.
ಐವತ್ತೈದು ಪೌಂಡಿನ ಬಿಲ್ಲನ್ನು ತಮ್ಮನ ಮಗನಿಗೆ ಕೊಟ್ಟೆ.
ಅವನು ಬಿಲ್ಲಿನ ಮೈಗೇ ಬಾಣದ ಗೂಡು ತಿರುಪಿಕೊಂಡಿದ್ದಾನೆ.
ನನಗದು ಒಗ್ಗದು. ಬಳುಕಲೆಂದೇ ಹುಟ್ಟಿದ ಮರಕ್ಕೆ
ಹೊರೆ ಹೊರಿಸುವುದು ಯಾವ ನ್ಯಾಯ?

ಉಳಿದದ್ದು ಸೊಂಟ.

ಮೊದಲನೆಯದು ದಪ್ಪ ದನದ ತೊಗಲು,
ಮೈತುಂಬ ಕೆತ್ತಿದ ಬಳ್ಳಿ, ಹನ್ನೆರಡು ಬಾಣದ ಹೊಟ್ಟೆ.
ಕಟ್ಟಿಕೊಂಡರೆ ನಾನೇ ಯಾವುದೋ ಊರಿನ ದೊರೆ.
ನಾಲ್ಕು ಹೆಜ್ಜೆ. ಒಳಗೆ ಸೀಡರ್ ಕಡ್ಡಿಗಳು
ಲೊಟಲೊಟ, ಲೊಟಲೊಟ.
"ಜಿಂಕೆಗೆ ಮೊದಲೇ ಕಾಗದ ಬರೆದುಬಿಡು," ಅಂದಳು,
"ಬರುತ್ತಿದ್ದೇನೆ ಅಂತ."

ಎರಡನೆಯದು ಮೇಣ ಹಚ್ಚಿದ ಕ್ಯಾನ್ವಾಸು. ಹಗುರ, ಅಗ್ಗ.
ಮಂಡಿಯೂರಿದೆ. ತಳ ನೆಲಕ್ಕೆ ತಾಗಿ
ಬಾಣಗಳೆಲ್ಲ ಒಟ್ಟಿಗೆ ಎದ್ದು ನಿಂತವು,
ಮೇಷ್ಟ್ರು ಒಳಗೆ ಬಂದಾಗಿನ ಹುಡುಗರಂತೆ.
ಟರ್ಕಿ ಕೋಳಿಯ ಗರಿಯೊಂದು ಮೊಣಕೈಗೆ ಚುಚ್ಚಿತು.
ಅವಳು ಏನೂ ಹೇಳಲಿಲ್ಲ. ನಾನೇ ಬಿಚ್ಚಿಟ್ಟೆ.

ಮೂರನೆಯದು ಮೂಸ್ ತೊಗಲಿನದು, ನೋಡಲು ಏನೇನೂ ಇಲ್ಲ,
ಹಳೆಯ ಚಪ್ಪಲಿಯ ಬಣ್ಣ.
ಸೊಂಟಕ್ಕೊಂದು ಪಟ್ಟಿ, ತೊಡೆಗೊಂದು.
ತಳದಲ್ಲಿ ಕುರಿಯ ಉಣ್ಣೆ, ಅಲಗುಗಳು ಅದರೊಳಗೆ ಮುಳುಗಿ
ಮಲಗಿಬಿಟ್ಟವು.
ನಡೆದೆ. ಬಾಗಿದೆ. ಎಲೆ ಬಿಟ್ಟರೆ ಬೇರೆ ಸದ್ದಿಲ್ಲ.
ಕುಳಿತೆ:
ಟಕ್.
"ಅಯ್ಯೋ, ಇದೂ—" ಅಂದೆ.
"ಅದು ಬತ್ತಳಿಕೆಯಲ್ಲ, ನಿನ್ನ ಮಂಡಿ," ಅಂದಳು ಹಿಲ್ಯಾ.
"ಮಂಡಿ ನಾನು ಮಾರುವುದಿಲ್ಲ."

ಆಮೇಲೆ ಕೇಳಿದಳು, ಎಷ್ಟು ಬಾಣಕ್ಕೆ ಹೊಲಿಯಲಿ?
ಆರು, ಅಂದೆ.
ಆಗ ಕಣ್ಣು ತೆರೆದಳು.
"ಹೋದ ವರ್ಷ ಎಷ್ಟು ಬಿಟ್ಟೆ?"

ಒಂದು.
ನವೆಂಬರಿನಲ್ಲಿ, ಜೌಗಿನ ಅಂಚಿನಲ್ಲಿ, ಬೆಳಕು ಹೋಗುತ್ತಿದ್ದಾಗ.
ನಾಟಿದ್ದು ಒಂದು ಗೇಣು ಹಿಂದಕ್ಕೆ.
ಹಿಮದ ಮೇಲೆ ಗುಂಡಿಯಷ್ಟಗಲ ರಕ್ತ, ಮತ್ತೆ ಅದೂ ಇಲ್ಲ.
ಲಾಟೀನು ಆರುವ ತನಕ ಹುಡುಕಿದೆ. ಮರುದಿನವೂ. ಅದರ ಮರುದಿನವೂ.
ನಾಲ್ಕನೆಯ ದಿನ ಕಾಗೆಗಳು ತೋರಿಸಿದವು.
ಇದನ್ನು ಅವಳಿಗೆ ಹೇಳಲಿಲ್ಲ.
ಬೂಟಿನ ತುದಿಯಿಂದ ಒಂದು ಎಲೆಯನ್ನು
ಪುಡಿ ಮಾಡುತ್ತ ನಿಂತಿದ್ದೆ.

ಅವಳು ಮೇಣದ ದಾರವನ್ನು ಹಲ್ಲಿನಲ್ಲಿ ಕಡಿದು
ಎರಡು ಗೂಡು ಹೊಲಿದು ಮುಚ್ಚಿದಳು.
"ನಾಲ್ಕು ಸಾಕು. ಮೂರು ಅಲಗಿನವು.
ಇನ್ನೊಂದು ಮೊಂಡು ಮೊನೆಯದು, ಅದು ಕೊಳೆತ ಬೊಡ್ಡೆಗೆ.
ದಿನಾ ಬೆಳಿಗ್ಗೆ ಮೊದಲು ಅದನ್ನು ಬಿಡು.
ಇಟ್ಟ ಗುರಿಗೆ ಹೋಗಲಿಲ್ಲವೋ,
ಮನೆಗೆ ಹೋಗಿ ಕಾಫಿ ಕುಡಿ."

ನೂರಿಪ್ಪತ್ತು ಡಾಲರು. ಚೌಕಾಸಿ ಮಾಡಲಿಲ್ಲ.
ಅಂಗಡಿಯಿಂದ ಹೊರಬಂದರೆ ಸುಪೀರಿಯರ್ ಸರೋವರದ ಗಾಳಿ,
ಕೂದಲಿಗೆ ಸಿಕ್ಕ ಎಲೆಯ ಚೂರು.

ಅಕ್ಟೋಬರ್ ಒಂದು. ಮಂಜು, ಬೆಳಗಿನ ಆರೂವರೆ.
ತೊಡೆಗೆ ಅಂಟಿದ ಬತ್ತಳಿಕೆ ಇದೆಯೋ ಇಲ್ಲವೋ ಅನ್ನುವಷ್ಟು ಮೌನ.
ದಿಣ್ಣೆಯಾಚೆ ಏನೋ ಕೊಂಬೆ ಮುರಿದ ಸದ್ದು,
ಭಾರದ್ದು, ನಿಧಾನದ್ದು.
ನಾನು ಮೊಂಡು ಬಾಣ ತೆಗೆದು
ಹದಿನೈದು ಹೆಜ್ಜೆ ದೂರದ ಬರ್ಚ್ ಬೊಡ್ಡೆಗೆ ಬಿಟ್ಟೆ.

ಒಂದು ಗೇಣು ಎಡಕ್ಕೆ.

ಕಾಫಿ ಚೆನ್ನಾಗಿತ್ತು.